ಒತ್ತಿದ್ದು ಗೊತ್ತಾಗದ ಬಟನ್

ನನ್ನ ಫೋನಿನಲ್ಲಿ ಒಂದು ಬಟನ್ ಇದೆ. ಬೂದು ಬಣ್ಣದ್ದು. ಸೆಟ್ ದೋಸೆಯ ಹಾಗೆ ದುಂಡಗೆ ಪರದೆಯ ನಡುವೆ ಕೂತಿದೆ. ಒತ್ತಿದರೆ ಏನೂ ಆಗುವುದಿಲ್ಲ.

ತಪ್ಪಾಯಿತು. ಆಗುತ್ತದೆ. ಆದದ್ದು ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಈ ಬಟನ್ ದೆಸೆಯಿಂದ ಈ ವರ್ಷ ಸಾರಮ್ಮನಿಗೆ ಒಂದು ಇಡೀ ಇಳಿಜಾರಿನ ಕಾಫಿ ಹೂವು ಹೋಯಿತು. ನನಗೆ ಸಾರಮ್ಮ ಹೋದರು. (ಗಾಬರಿಯಾಗಬೇಡಿ. ಸಾರಮ್ಮ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದಾರೆ. ನನ್ನ ಜಗುಲಿಯಿಂದ ನೋಡಿದರೆ ಹಳ್ಳದ ಆಚೆ ಅವರ ತೋಟದಲ್ಲಿ ಓಡಾಡುವುದು ಕಾಣುತ್ತದೆ. ನನ್ನ ಹತ್ತಿರ ಮಾತಾಡುವುದಿಲ್ಲ.)

ಈ ಅಂಕಣ ಓದುವವರಿಗೆ ಸಾರಮ್ಮ ಹೊಸಬರಲ್ಲ. ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ, ಹಳ್ಳದ ಈಚೆ ನಮ್ಮ ತೋಟ, ಆಚೆ ಅವರದು. ಅವರ ಯಜಮಾನರಿಗೆ ಮೂಡಿಗೆರೆಯಲ್ಲಿ ಗ್ಯಾರೇಜು. ಹಾಗಾಗಿ ತೋಟಕ್ಕೆ ಓನರೂ ಅವರೇ, ಲೆಕ್ಕ ಬರೆಯುವ ರೈಟರೂ ಅವರೇ, ಮೇಸ್ತ್ರಿಯೂ ಅವರೇ. ನನ್ನ ಕಥೆಯೂ ಹೆಚ್ಚುಕಡಿಮೆ ಅದೇ. ನಮ್ಮ ಮನೆಯವರಿಗೆ ಪೇಟೆಯ ಅಂಗಡಿ ಬಿಟ್ಟರೆ ಪ್ರಪಂಚವಿಲ್ಲ. ಕಾಫಿ ಗಿಡ ತೋರಿಸಿದರೆ ಇದರಲ್ಲಿ ಡಿಕಾಕ್ಷನ್ ಎಲ್ಲಿಂದ ಬರುತ್ತದೆ ಎಂದು ಕೇಳುವ ಪೈಕಿ.

ನಮ್ಮ ಎರಡು ತೋಟಕ್ಕೂ ಸೇರಿ ಹಳ್ಳದಲ್ಲಿ ಒಂದೇ ಮೋಟಾರು. ನಮ್ಮ ಅತ್ತೆ, ಅವರ ಅತ್ತೆಯ ಕಾಲದಿಂದ ಹಾಗೇ. ಒಂದು ದಿನ ಅವರ ಪಾಳಿ, ಒಂದು ದಿನ ನಮ್ಮದು. ಜಗಳ? ಒಂದು ದಿನವೂ ಇಲ್ಲ. ಹಲಸಿನಕಾಯಿ ಅತ್ತ ಹೋಗುತ್ತಿತ್ತು, ಪತ್ತಿರಿ ರೊಟ್ಟಿ ಇತ್ತ ಬರುತ್ತಿತ್ತು.

ಫೆಬ್ರವರಿ ಬಂತೆಂದರೆ ರೋಬಸ್ಟಾ ಕಾಫಿ ಬೆಳೆಯುವವರಿಗೆ ಜೆಟ್ ಹಾಕುವ ಕಾಲ. ಪೈಪು ಎಳೆದು, ಸುತ್ತ ತಿರುಗುವ ಜೆಟ್ ನೆಟ್ಟು, ಮಳೆಯ ಹಾಗೆ ನೀರು ಹೊಡೆಸಬೇಕು. ನೀರು ಬಿದ್ದರೆ ಗಿಡ ಹೂವು ಬಿಡುತ್ತದೆ. ಕಾಫಿ ಮೊಗ್ಗಿನ ಸ್ವಭಾವ ಒಂದು ವಿಚಿತ್ರ. ನೀರೇ ಕೊಡದಿದ್ದರೆ ಸುಮ್ಮನೆ ಕಾಯುತ್ತದೆ, ತಪಸ್ಸಿಗೆ ಕೂತವರ ಹಾಗೆ. ಹೊಟ್ಟೆ ತುಂಬ ಕೊಟ್ಟರೆ ವಾರ ಕಳೆದು ಬೆಳ್ಳಗೆ ಅರಳುತ್ತದೆ. ಅರ್ಧಂಬರ್ಧ ಕೊಟ್ಟಿರೋ, ಕೆಟ್ಟಿತು. ಎದ್ದು ಕೂತು, ಉಬ್ಬಿ, ಬಣ್ಣ ತಿರುಗಿ, ಅರಳದೆಯೇ ಕಮರಿ ಬೀಳುತ್ತದೆ. ಆಮೇಲೆ ನೀವು ಕಾವೇರಿಯನ್ನೇ ತಿರುಗಿಸಿ ತಂದರೂ ಆ ವರ್ಷಕ್ಕೆ ಅಷ್ಟೆ.

ಮೋಟಾರು ಇರುವುದು ಕೆಳಗೆ ಹಳ್ಳದಲ್ಲಿ, ಜೆಟ್ ತಿರುಗುವುದು ಮೇಲೆ ಗುಡ್ಡದಲ್ಲಿ. ಹಾಗಾಗಿ ಹಿಂದಿನವರು ಒಂದು ಪದ್ಧತಿ ಮಾಡಿಟ್ಟಿದ್ದರು. ಮೋಟಾರು ಹಾಕಿದವರು ಕೆಳಗಿನಿಂದ ‘ಕೂ’ ಎಂದು ಕೂಗಬೇಕು. ಜೆಟ್ ತಿರುಗಲು ಶುರುವಾದದ್ದನ್ನು ಕಣ್ಣಿಂದ ನೋಡಿದವರು ಮೇಲಿನಿಂದ ‘ಓ’ ಎನ್ನಬೇಕು. ‘ಓ’ ಬರುವ ತನಕ ಕೆಳಗಿದ್ದವರು ಜಾಗ ಬಿಡುವ ಹಾಗಿಲ್ಲ. ಜೊತೆಗೆ ಪಂಪುಮನೆಯ ಗೋಡೆಗೆ ಒಂದು ಕೆಂಪು ಬಲ್ಬು. ಮೋಟಾರು ಓಡುತ್ತಿದ್ದರೆ ಬಲ್ಬು ಉರಿಯುತ್ತದೆ. ನಮ್ಮ ಜಗುಲಿಗೂ ಕಾಣುತ್ತದೆ, ಅವರ ಅಡುಗೆಮನೆ ಕಿಟಕಿಗೂ ಕಾಣುತ್ತದೆ. ಇದಕ್ಕಿಂತ ಇನ್ನೇನು ಬೇಕಿತ್ತು ನಮಗೆ?

ಮೊಬೈಲ್ ಸ್ಟಾರ್ಟರ್ ಬೇಕಿತ್ತು.

ಹಾಕಿಕೊಟ್ಟವನು ಚಿಕ್ಕಮಗಳೂರಿನ ದಿನೇಶ. ಮೋಟಾರು ಅಂಗಡಿ ಇಟ್ಟುಕೊಂಡಿದ್ದಾನೆ, ಆ್ಯಪನ್ನೂ ತಾನೇ ಮಾಡುತ್ತಾನೆ. ಕೆಲಸಗಾರ, ಆ ಮಾತು ಬೇರೆ. ಹಳೆ ಸ್ಟಾರ್ಟರ್ ಕಿತ್ತ, ಹೊಸ ಡಬ್ಬಿ ಕೂರಿಸಿದ, ಎಲ್ಲಿದ್ದರೂ ಮೋಟಾರು ಹಾಕುವ ಹಾಗೆ ನಮ್ಮಿಬ್ಬರ ಫೋನಿಗೂ ಆ್ಯಪ್ ಹಾಕಿಕೊಟ್ಟ. ಕೆಂಪು ಬಲ್ಬು? “ಅದು ವೇಸ್ಟು ಬಿಡಿ ಅಕ್ಕ, ಎಲ್ಲ ಫೋನಲ್ಲೇ ಕಾಣುತ್ತೆ” ಎಂದು ಅದನ್ನೂ ಕಿತ್ತ.

ಕಾಣಿಸಿತು, ಕಾಣಿಸಿತು. ಆ ಆ್ಯಪ್ ಬಿಡಿಸಿದರೆ ವಿಮಾನದ ಪೈಲಟ್ ಕೂರುವ ಜಾಗದ ಹಾಗಿತ್ತು. ಮೂರು ಫೇಸಿಗೆ ಮೂರು ಬಣ್ಣದ ದೀಪ. ಕುಣಿಯುವ ಮುಳ್ಳು. ವೋಲ್ಟೇಜು ಏರಿದರೆ ಒಂದು ಸದ್ದು, ಇಳಿದರೆ ಇನ್ನೊಂದು. ಸಾಲದ್ದಕ್ಕೆ ಒಬ್ಬ ಹೆಂಗಸಿನ ದನಿ ಬೇರೆ. “ಪ್ರಿಯ ಗ್ರಾಹಕರೇ, ನಿಮ್ಮ ಮೋಟಾರ್ ಚಾಲನೆಗೊಂಡಿದೆ.” ಕರೆಂಟು ಬಂದರೆ ಹೇಳುತ್ತಾಳೆ, ಹೋದರೆ ಹೇಳುತ್ತಾಳೆ, ಬಂದು ಹೋಗಿ ಬಂದರೆ ಮೂರು ಸಲ ಹೇಳುತ್ತಾಳೆ. ನಮ್ಮ ಕಡೆ ಕರೆಂಟಿನ ಚಾಳಿ ನಿಮಗೆ ಗೊತ್ತಲ್ಲ. ಆಕೆಗೆ ಬಾಯಿ ಮುಚ್ಚಲು ಪುರಸೊತ್ತೇ ಇರಲಿಲ್ಲ.

ಒಂದು ದಿನ ಅತ್ತಿಗುಂಡಿ ಕಡೆಯ ನೆಂಟರೊಬ್ಬರು ತೀರಿಕೊಂಡರೆಂದು ಹೋಗಿದ್ದೆ. ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾರೆ. ಪಿಸುಮಾತೂ ಇಲ್ಲ. ನನ್ನ ವ್ಯಾನಿಟಿ ಬ್ಯಾಗಿನೊಳಗಿಂದ ಆ ಮಹಾತಾಯಿ ಗಟ್ಟಿಯಾಗಿ, “ಪ್ರಿಯ ಗ್ರಾಹಕರೇ, ನಿಮ್ಮ ಮೋಟಾರ್ ನಿಂತುಹೋಗಿದೆ. ದಯವಿಟ್ಟು ಪರಿಶೀಲಿಸಿ” ಎಂದಳು.

ಭೂಮಿ ಬಾಯಿಬಿಡಬಾರದೇ ಅನಿಸಿತು.

ಮನೆಗೆ ಬಂದು ಸಾರಮ್ಮನಿಗೆ ಹೇಳಿದರೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕು ಮುಗಿಸಿ, “ನಮ್ಮನೇಲೂ ಅದೇ ಕಥೆ ಗಿರಿಜಕ್ಕ. ನಮಾಜಿಗೆ ನಿಂತ್ರೆ ಅವ್ಳು ಶುರು ಮಾಡ್ತಾಳೆ. ನಮ್ಮ ಯಜಮಾನ್ರು ಫೋನನ್ನ ಅಕ್ಕಿ ಡಬ್ಬಿಯೊಳ್ಗೆ ಹಾಕಿಟ್ಟಿದ್ರು ಮಾರಾಯ್ರೆ” ಎಂದರು. ಇಬ್ಬರೂ ಸೇರಿ ದಿನೇಶನಿಗೆ ಫೋನು ಮಾಡಿದೆವು. ದೀಪ ಬೇಡ, ಮುಳ್ಳು ಬೇಡ, ಸದ್ದು ಬೇಡ, ಆಕೆಯಂತೂ ಬೇಡವೇ ಬೇಡ. ಒಂದು ಬಟನ್ ಸಾಕು. ಸಿಂಪಲ್ಲಾಗಿ.

ದಿನೇಶನಿಗೂ ಖುಷಿಯಾಯಿತು. “ಈಗ ಎಲ್ಲ ಕಡೆ ಇದೇ ಅಕ್ಕ. ಕ್ಲೀನ್ ಡಿಸೈನು” ಎಂದ. ಎರಡೇ ದಿನದಲ್ಲಿ ಆ್ಯಪು ಗುಂಡು ಹೊಡೆಸಿಕೊಂಡ ತಲೆಯ ಹಾಗೆ ನುಣ್ಣಗಾಗಿ ಬಂತು. ಬಿಳಿ ಪರದೆ, ಬೂದು ಬಟನ್. ಒಂದು ಸಲ ಒತ್ತಿದರೆ ಆನ್, ಇನ್ನೊಂದು ಸಲ ಒತ್ತಿದರೆ ಆಫ್. ಬಣ್ಣ ಬದಲಾಗುವುದಿಲ್ಲ, ಅಕ್ಷರ ಮೂಡುವುದಿಲ್ಲ. ಆಹಾ, ಎಷ್ಟು ನೆಮ್ಮದಿ! ನಾನಂತೂ ಕಂಡವರಿಗೆಲ್ಲ ತೋರಿಸಿದೆ.

ಹೊಸ ಆ್ಯಪಿನಲ್ಲಿ ಮೊದಲು ನಮ್ಮ ಪಾಳಿ ಬಂತು. ನಾನು ತೋಟದಲ್ಲೇ ಇದ್ದೆ, ಒತ್ತಿದಾಗ ಜೆಟ್ ತಿರುಗುವುದು ಕಣ್ಣೆದುರೇ ಕಾಣುತ್ತಿತ್ತು. ತೊಂದರೆಯಾಗಲಿಲ್ಲ. ಆಮೇಲೆ ಸಾರಮ್ಮನ ಆಚೆ ಇಳಿಜಾರಿನ ಸರದಿ ಬಂತು. ಅದು ಗುಡ್ಡದ ಹಿಂಬದಿ, ಯಾರ ಮನೆಗೂ ಕಾಣದ ಜಾಗ. ಅವತ್ತೇ ಅವರ ತಂಗಿಗೆ ಮೂಡಿಗೆರೆ ಆಸ್ಪತ್ರೆಯಲ್ಲಿ ಹೆರಿಗೆ ನೋವು. ಹೊರಡುವಾಗ ಗೇಟಿನ ಹತ್ತಿರ ನಿಂತು, “ಪೈಪೆಲ್ಲ ಎಳ್ಸಿಟ್ಟಿದೀನಿ ಗಿರಿಜಕ್ಕ. ಕರೆಂಟು ಬರೋ ಹೊತ್ತಿಗೆ ಸ್ವಲ್ಪ ಒತ್ತಿಬಿಡಿ ಆಯ್ತಾ?” ಎಂದರು.

“ಹೋಗಿ ಮಾರಾಯ್ತಿ, ಅದೊಂದು ದೊಡ್ಡ ವಿಷ್ಯನಾ? ನಾನು ನೋಡ್ಕೊಳ್ತೀನಿ” ಎಂದೆ.

ನನಗೂ ಅವತ್ತು ಚಿಕ್ಕಮಗಳೂರಿನಲ್ಲಿ ಒಂದು ಮದುವೆ. ಹೋದರೇನಂತೆ? ಬಟನ್ ನನ್ನ ಬ್ಯಾಗಿನಲ್ಲೇ ಇದೆಯಲ್ಲ!

ಕಲ್ಯಾಣ ಮಂಟಪದಲ್ಲಿ ತಿಂಡಿ ಮುಗಿಸಿ ಕರೆಂಟಿನ ಹೊತ್ತಾಯಿತೆಂದು ಒತ್ತಿದೆ. ಬಟನ್ ಮುಖ ಹಾಗೇ ಇತ್ತು. ಒತ್ತಿತೋ ಇಲ್ಲವೋ? ಆಗಿರಬಹುದು ಎಂದುಕೊಂಡು ಕೈ ತೊಳೆಯಲು ಹೋದೆ. ಅಲ್ಲಿನ ನಲ್ಲಿಗೆ ತಿರುಪಣಿಯೇ ಇಲ್ಲ. ಹೊಸ ನಮೂನೆಯದು, ಕೈ ಒಡ್ಡಿದರೆ ತಾನೇ ನೀರು ಬರುತ್ತದಂತೆ. ಒಡ್ಡಿದೆ, ಬರಲಿಲ್ಲ. ಆಚೀಚೆ ಆಡಿಸಿದೆ. ಮಂಗಳಾರತಿ ಬೆಳಗುವವಳ ಹಾಗೆ ನಾನು ನಲ್ಲಿಗೆ ಕೈ ಎತ್ತುವುದನ್ನು ನೋಡಿ ಪಕ್ಕದ ಹೆಂಗಸು, “ಸುಮ್ನೆ ಹಿಡ್ಕೊಂಡು ನಿಂತ್ಕೊಳ್ರೀ, ಅದಕ್ಕೆ ಮನಸ್ಸು ಬಂದಾಗ ಬರುತ್ತೆ” ಎಂದರು. ಅವಾಗಲೇ ನನಗೆ ಬುದ್ಧಿ ಬರಬೇಕಿತ್ತು.

ಅಷ್ಟು ಹೊತ್ತಿಗೆ ಮೂಡಿಗೆರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಸಾರಮ್ಮ ಯೋಚಿಸಿದ್ದಾರೆ. ಗಿರಿಜಕ್ಕ ಮದುವೆ ಗಡಿಬಿಡಿಯಲ್ಲಿ ಮರೆತಿರಬಹುದು. ಫೋನ್ ಮಾಡಿ ಕೇಳೋಣವೇ? ಬೇಡ, ಅನುಮಾನಪಟ್ಟ ಹಾಗಾಗುತ್ತದೆ, ಪಾಪ, ಮುಹೂರ್ತದ ಹೊತ್ತು. ನಾನೇ ಒತ್ತಿಬಿಟ್ಟರಾಯಿತು. ಒತ್ತಿದರು. ಓಡುತ್ತಿದ್ದ ಮೋಟಾರು ನಿಂತಿತು.

ಧಾರೆ ಮುಗಿದ ಮೇಲೆ ನಾನು ಮತ್ತೆ ಫೋನ್ ಹೊರಗೆ ತೆಗೆದೆ. ಸಾರಮ್ಮನಿಗೆ ಫೋನ್ ಮಾಡಲೇ? ಆಸ್ಪತ್ರೆಯಲ್ಲಿದ್ದಾರೆ, ಹೆರಿಗೆಯ ಹೊತ್ತು, ಅವರಿಗೆ ಯಾಕೆ ತೊಂದರೆ? ಕರೆಂಟು ತಡವಾಗಿ ಬಂದಿರಬೇಕು, ಎಂದು ಇನ್ನೊಮ್ಮೆ ಒತ್ತಿದೆ. ಮೋಟಾರು ಶುರು. ಹೆರಿಗೆಯಾಗಿ, ಹೆಣ್ಣುಮಗು ಎಂದು ಗೊತ್ತಾದ ಸಂಭ್ರಮದಲ್ಲಿ ಸಾರಮ್ಮ ಇನ್ನೊಮ್ಮೆ ಒತ್ತಿದರು. ಬಂದ್. ಬಾಗಿಲಲ್ಲಿ ಎದುರುಬದುರಾದ ಇಬ್ಬರು ಸಭ್ಯಸ್ಥರು ‘ನೀವು ಮುಂದೆ’, ‘ಇಲ್ಲ ನೀವೇ’ ಎನ್ನುತ್ತ ಇಬ್ಬರೂ ಒಳಗೆ ಹೋಗದೇ ನಿಲ್ಲುತ್ತಾರಲ್ಲ, ಹಾಗೆ ದಿನವಿಡೀ ನಾವು ಒಬ್ಬರ ನೀರನ್ನು ಒಬ್ಬರು ನಿಲ್ಲಿಸಿದೆವು. ಪ್ರೀತಿಯಿಂದ!

ಮಲೆನಾಡಿನವರ ಸಂಕೋಚ ಅಂದರೆ ಇದೇ ನೋಡಿ. ಒಂದು ಫೋನ್ ಕರೆ. ‘ಹಾಕಿದ್ರಾ?’ ‘ಹಾಕಿದೆ.’ ಮುಗಿಯಿತು. ಅದಕ್ಕೆ ನಾವು ತಯಾರಿಲ್ಲ. ಕೇಳಿದರೆ ಎಲ್ಲಿ ಬೇಜಾರಾಗುತ್ತಾರೋ ಎಂದು ಕೇಳದೇ ಉಳಿದು, ಕೊನೆಗೆ ಇನ್ನೂ ದೊಡ್ಡ ಬೇಜಾರು ತಂದುಕೊಳ್ಳುವವರು ನಾವು.

ಸಂಜೆ ನಾನು ಮದುವೆಯಿಂದ ಬಂದು ಆ ಇಳಿಜಾರಿಗೆ ಹೋದಾಗ ಗಿಡದ ಎಲೆಯೆಲ್ಲ ಒದ್ದೆ. ಮೆಣಸು ಕುಯ್ಯುತ್ತಿದ್ದ ಆಳುಗಳನ್ನು ಕೇಳಿದರೆ, “ನಾವು ನೋಡ್ದಾಗ ತಿರುಗ್ತಿತ್ತು ಅಮ್ಮ” ಎಂದರು. ಅವರು ನೋಡಿದಾಗ ತಿರುಗುತ್ತಿತ್ತು, ನಿಜ. ಮೇಲುಮಣ್ಣು ನೆನೆದಿತ್ತು, ಬೇರಿಗೆ ನೀರು ಇಳಿದಿರಲಿಲ್ಲ. ಕೈಹಾಕಿ ನೋಡಿದವರು ಯಾರು? ಮಾರನೇ ದಿನ ಪೈಪು ಬೇರೆ ಕಡೆಗೆ ಹೋಯಿತು.

ವಾರ ಕಳೆದ ಮೇಲೆ ನಮ್ಮ ತೋಟ ಅರಳಿತು. ಬೆಳಿಗ್ಗೆ ಬಾಗಿಲು ತೆಗೆದರೆ ಗುಡ್ಡಕ್ಕೆ ಸುಣ್ಣ ಬಳಿದ ಹಾಗೆ ಬಿಳುಪು, ಮಲ್ಲಿಗೆಯಂಥ ವಾಸನೆ, ಜೇನ್ನೊಣದ ಗದ್ದಲ. ಗುಡ್ಡದ ಹಿಂದೆ ಸಾರಮ್ಮನ ಆಚೆ ಇಳಿಜಾರು ಮಾತ್ರ ಮಂಕಾಗಿತ್ತು. ಮೊಗ್ಗು ಉಬ್ಬಿ, ಗುಲಾಬಿ ಬಣ್ಣಕ್ಕೆ ತಿರುಗಿ, ಅಲ್ಲೇ ಒಣಗಿತ್ತು.

ಅವತ್ತೇ ಫೋನ್ ಬಂತು. ಸಾರಮ್ಮನ ದನಿ ಸಣ್ಣಗಿತ್ತು. “ಗಿರಿಜಕ್ಕ, ಆವತ್ತು ನೀವು ಮೋಟ್ರು ಹಾಕಿದ್ರಲ್ಲ?”

ಅವರು ಕೇಳಿದ್ದು ಅಷ್ಟೇ. ನನಗೆ ಕೇಳಿಸಿದ್ದು ಬೇರೆ. ಹಾಕಿಲ್ಲ ಅಂತ ಅನುಮಾನವೇ? ಮದುವೆ ಊಟ ಬಿಟ್ಟು ಬಟನ್ ಒತ್ತುತ್ತ ಕೂತವಳು ನಾನು! ಸಿಟ್ಟು ನೆತ್ತಿಗೇರಿತು.

“ಹಾಕಿದ್ದೆ ಸಾರಮ್ಮ. ಎಲೆಯೆಲ್ಲ ಒದ್ದೆ ಇತ್ತು, ಬೇಕಾದ್ರೆ ಆಳುಗಳನ್ನ ಕೇಳಿ. ನೀರೊಂದೇ ಸಾಕಾ? ಗಿಡದಲ್ಲೂ ಕಸುವಿರಬೇಕಲ್ಲ. ಹೊತ್ತಿಗೆ ಸರಿಯಾಗಿ ಬೇಡದ ಚಿಗುರು ತೆಗೆಸಿದ್ರೆ ಹೊತ್ತಿಗೆ ಸರಿಯಾಗಿ ಹೂವೂ ಬರುತ್ತೆ” ಎಂದೆ.

ಕಾಫಿ ಬೆಳೆಯುವವರಿಗೆ ಈ ಮಾತಿನ ಏಟು ಗೊತ್ತು. ಮಕ್ಕಳನ್ನು ಸರಿಯಾಗಿ ಸಾಕಿಲ್ಲ ಎಂದರೂ ಸಹಿಸಬಹುದು, ಗಿಡವನ್ನು ಸರಿಯಾಗಿ ನೋಡಿಲ್ಲ ಎಂದರೆ ಯಾರೂ ಸಹಿಸುವುದಿಲ್ಲ. ಹೋದ ಮಳೆಗಾಲದಲ್ಲಿ ಸಾರಮ್ಮನ ತಾಯಿ ಹಾಸಿಗೆ ಹಿಡಿದಿದ್ದರು. ಚಿಗುರು ತೆಗೆಸುವುದು ತಡವಾಗಿದ್ದು ಅದಕ್ಕೆ. ಅದು ನನಗೆ ಗೊತ್ತಿತ್ತು. ಆ ತಾಯಿಗೆ ಗಂಜಿ ಕಳಿಸಿದವಳೂ ನಾನೇ. ಗೊತ್ತಿದ್ದೂ ಆಡಿದೆ.

ಸಾರಮ್ಮ, “ಹೌದೌದು. ನಿಮ್ದು ಚೆನ್ನಾಗಿ ಬಂತಲ್ಲ, ಸಾಕು ಬಿಡಿ” ಎಂದರು. ಫೋನ್ ಇಟ್ಟರು.

ನಾವು ಚಿಕ್ಕವರಿದ್ದಾಗ ಅಜ್ಜಿ ಕಥೆ ಹೇಳಲು ಒಂದು ಕರಾರು ಹಾಕುತ್ತಿದ್ದರು. ಕೇಳುವವರು ಹ್ಞೂಂ ಹ್ಞೂಂ ಎಂದು ಹೂಂಗುಟ್ಟುತ್ತಿರಬೇಕು. ಹ್ಞೂಂ ನಿಂತರೆ ಕಥೆಯೂ ನಿಂತಿತು. ರಾಜಕುಮಾರ ರಾಕ್ಷಸನ ಬಾಯಲ್ಲಿದ್ದರೂ ಸರಿಯೇ, ಅಜ್ಜಿ ಮಗ್ಗುಲಾಗಿ ಮಲಗಿಬಿಡುತ್ತಿದ್ದರು. ಒಂದು ಹ್ಞೂಂ ಅಂದರೆ ಏನು? ಅದರಲ್ಲಿ ಸುದ್ದಿಯಿಲ್ಲ, ಅರ್ಥವೂ ಇಲ್ಲ. ‘ನಾನಿದ್ದೇನೆ, ನೀನು ಹೇಳಿದ್ದು ತಲುಪಿತು’ ಎಂಬುದಿದೆ. ಕುಕ್ಕರಿನ ವಿಷಲ್ಲೂ ಅದೇ, ಬಸ್ಸಿನ ಕಂಡಕ್ಟರ್ ಊದುವ ಸೀಟಿಯೂ ಅದೇ. ಡ್ರೈವರ್ ಹಿಂದೆ ತಿರುಗಿ ನೋಡದೆ ಚಾರ್ಮಾಡಿ ಘಾಟಿ ಇಳಿಸುತ್ತಾನೆಂದರೆ ಆ ಸೀಟಿಯ ಮೇಲಿನ ನಂಬಿಕೆಯಿಂದ.

ಹಾಗೆಂದು ಅತಿಯಾಗಿ ಹೂಂಗುಟ್ಟಿದರೂ ಕಷ್ಟವೇ. ಮಾತು ಮುಗಿಯುವ ಮೊದಲೇ ಹತ್ತು ಸಲ ಹ್ಞೂಂ ಎನ್ನುವವರ ಹತ್ತಿರ ಯಾರು ಮಾತಾಡುತ್ತಾರೆ? ಆ ‘ಪ್ರಿಯ ಗ್ರಾಹಕರೇ’ ಹೆಂಗಸು ಆ ಜಾತಿಯವಳು. ಆಕೆಯನ್ನು ಓಡಿಸಿದ್ದಕ್ಕೆ ನನಗೆ ಈಗಲೂ ಬೇಸರವಿಲ್ಲ. ಆದರೆ ಆಕೆಯನ್ನು ಓಡಿಸಿದ ಮೇಲಾದರೂ ಆ ಬಡಪಾಯಿ ಕೆಂಪು ಬಲ್ಬನ್ನು ಯಾಕೆ ವಾಪಸು ಹಾಕಿಸಲಿಲ್ಲ? ಕೂಗು ಹಾಕುವುದನ್ನು ಯಾಕೆ ಬಿಟ್ಟೆವು? ಯಾರಿಗೂ ಅದು ಭಾರವಾಗಿರಲಿಲ್ಲ. ಸಿಂಪಲ್ ಎಂದರೆ ಬೇಡದ್ದನ್ನು ತೆಗೆಯುವುದು, ಸರಿ. ಯಾವುದು ಬೇಡದ್ದು ಎಂದು ತೆಗೆಯುವ ಮೊದಲು ನಾವಿಬ್ಬರೂ ಒಂದು ಕ್ಷಣ ಯೋಚಿಸಲಿಲ್ಲ. ಈಗ ಫೋನು, ಲಿಫ್ಟು, ನಲ್ಲಿ, ಕಾರು ಎಲ್ಲವೂ ನುಣ್ಣಗಾಗುತ್ತಿವೆ. ಒತ್ತಿ, ಕಾದು, ಆಯಿತೋ ಇಲ್ಲವೋ ಎಂದು ಮತ್ತೆ ಒತ್ತುವುದೇ ನಮ್ಮ ಕೆಲಸವಾಗಿದೆ.

ವಿಷಯಕ್ಕೆ ಬರುತ್ತೇನೆ. ಆ್ಯಪಿನ ಮೇಲೆ ಅನುಮಾನ ಬಂದು ದಿನೇಶನನ್ನು ಕರೆಸಿದೆ. ಪಂಪುಮನೆಗೆ ಸಾರಮ್ಮನೂ ಬಂದರು. ನನ್ನ ಮುಖ ನೋಡಲಿಲ್ಲ. ದಿನೇಶ ಡಬ್ಬಿ ಬಿಚ್ಚಿ ನೋಡಿ, “ಎಲ್ಲ ಸರಿ ಇದೆಯಲ್ಲ. ಆವತ್ತು ಒತ್ತಿದ್ದು ಯಾರು?” ಎಂದ.

“ನಾನು” ಎಂದೆ. “ನಾನೂ” ಎಂದರು ಸಾರಮ್ಮ.

ದಿನೇಶ ನಕ್ಕೇಬಿಟ್ಟ. “ಎಂಥದು ಮಾರಾಯ್ರೆ, ಇಬ್ರೂ ಒತ್ತಿದ್ರೆ ಆಫ್ ಆಗ್ದೆ ಇನ್ನೇನಾಗುತ್ತೆ?”

ನಮಗೆ ನಗು ಬರಲಿಲ್ಲ. ಸಾರಮ್ಮ ಮೋಟಾರನ್ನೇ ನೋಡುತ್ತ, “ಮದುವೆಮನೇಲಿ ನಿಮಗೆ ತೊಂದ್ರೆ ಕೊಡೋದು ಬ್ಯಾಡ ಅಂತ ನಾನೇ ಒತ್ತಿದೆ” ಎಂದರು. ನನ್ನ ಕಾರಣವೂ ಅದೇ ಎಂದು ನಾನೂ ಹೇಳಿದೆ.

ಆ ಗಳಿಗೆಯಲ್ಲಿ ನಾನು ಇನ್ನೊಂದು ಮಾತು ಹೇಳಬೇಕಿತ್ತು. ಸಾರಮ್ಮ, ಚಿಗುರಿನ ಮಾತು ಆಡಬಾರದಿತ್ತು, ತಪ್ಪಾಯಿತು ಎನ್ನಬೇಕಿತ್ತು. ನಾಲಿಗೆಯ ತುದಿಗೇ ಬಂದಿತ್ತು. ನಾನು ಹೇಳಿದ್ದೇನು? “ಅಬ್ಬ, ಹಾಗಾದ್ರೆ ತಪ್ಪು ಬಟನ್‌ದು!” ಎಂದೆ. ದೊಡ್ಡ ಭಾರ ಇಳಿದವಳ ಹಾಗೆ.

“ಹ್ಞೂಂ, ಬಟನ್‌ದೇ” ಎಂದರು ಸಾರಮ್ಮ. ಚಪ್ಪಲಿ ಮೆಟ್ಟಿಕೊಂಡು ಹಳ್ಳ ದಾಟಿ ಹೋದರು.

ಅವತ್ತು ನಾನು ಹಗುರಾಗಿ ಮಲಗಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಹೂವಿನ ಲೆಕ್ಕ ಬಟನ್ ತಲೆಗೆ ಹೋಯಿತು, ಆಡಿದ ಮಾತಿನದು? ಅದನ್ನು ಯಾವ ಆ್ಯಪೂ ಆಡಿರಲಿಲ್ಲ. ಅವರೇ ಮೊದಲು ಮಾತಾಡಲಿ ಎಂದು ನಾನು ಕಾದೆ. ನಾನು ಮಾತಾಡುತ್ತೇನೆಂದು ಅವರು ಕಾದಿರಬೇಕು. ಪತ್ತಿರಿ ಬರುವುದು ನಿಂತಿತು. ನಾನು ಹಲಸಿನಕಾಯಿ ಕಳಿಸಿದೆ, ಪಾತ್ರೆ ತೊಳೆದು ವಾಪಸು ಬಂತು, ಖಾಲಿ. ನಮ್ಮ ಕಡೆ ಪಾತ್ರೆ ಖಾಲಿ ವಾಪಸು ಬರುವುದರ ಅರ್ಥ ನಿಮಗೆ ಹೇಳಬೇಕಿಲ್ಲ.

ಹೂವಾದ ಮೇಲೆ ಕೊಡುವ ಎರಡನೇ ನೀರಿನ ಹೊತ್ತಿಗೆ ಸಾರಮ್ಮನ ಯಜಮಾನರು ಗ್ಯಾರೇಜಿನಿಂದ ಒಂದು ಹಳೆ ಮೋಟಾರು ರಿಪೇರಿ ಮಾಡಿ ತಂದರು. ಹಳ್ಳದ ಮೇಲ್ಗಡೆ ಅವರದೇ ಬೇರೆ ಪಂಪು ಕೂತಿತು. ಮೊಬೈಲು ಗಿಬೈಲು ಇಲ್ಲ, ಕೈಯಲ್ಲಿ ಒತ್ತುವ ಸ್ಟಾರ್ಟರು. ಕಂಬಕ್ಕೆ ಒಂದು ಕೆಂಪು ಬಲ್ಬು. ನನ್ನ ಜಗುಲಿಗೆ ಚೆನ್ನಾಗಿ ಕಾಣುತ್ತದೆ.

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ. ಬಲ್ಬು ಹತ್ತಿತು. ಹಳ್ಳದ ಆಚೆ, ನನಗೆ ಎದುರಾಗಿರುವ ಗಿಡಗಳ ಮೇಲೆ ಜೆಟ್ ತಿರುಗತೊಡಗಿತು. ನೋಡಿದ ಕೂಡಲೇ ‘ಓ’ ಎನ್ನಲು ಬಾಯಿ ತಾನಾಗಿ ತೆರೆಯಿತು, ಅಷ್ಟು ವರ್ಷದ ಅಭ್ಯಾಸ. ಆದರೆ ಯಾರೂ ಕೂಗಿರಲಿಲ್ಲವಲ್ಲ, ಓಗೊಡುವುದು ಯಾರಿಗೆ? ಲೋಟ ಕೆಳಗಿಟ್ಟು, ಜಗುಲಿಯ ತುದಿಗೆ ಹೋಗಿ, ಎದೆ ತುಂಬ ಉಸಿರೆಳೆದು ನಾನೇ ‘ಕೂ’ ಎಂದೆ.

ಗಿಡಗಳ ನಡುವೆ ಸಾರಮ್ಮನ ತಲೆಯ ಹಸಿರು ಬಟ್ಟೆ ಕಾಣುತ್ತಿತ್ತು. ಅದು ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ಗಿಡಗಳ ಮರೆಗೆ ಸರಿಯಿತು. ನೀರಿನ ಸದ್ದಿಗೆ ನನ್ನ ದನಿ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಾದರೋ? ಕಾಫಿ ಆರುವ ತನಕ ನಿಂತೆ. ‘ಓ’ ಬರಲಿಲ್ಲ.

ಇನ್ನೊಂದು ಸಲ ಕೂಗಬಹುದಿತ್ತು. ಆದರೆ ಎರಡನೇ ಸಲ ಒತ್ತಿಯೇ ಅಲ್ಲವೇ ನಾವು ಎಲ್ಲವನ್ನೂ ಆಫ್ ಮಾಡಿಕೊಂಡಿದ್ದು?